ಏರುದಾರಿಯ ಸೈಕಲ್ಲು: ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಕೆಲಸದ ವಾಹನವೊಂದರ ಚರಿತ್ರೆ

ಸೈಕಲ್ಲು ರೂಪುಗೊಂಡದ್ದು ಗಟ್ಟಿ ರಸ್ತೆಗಳಿದ್ದ ಯುರೋಪಿನ ಪಟ್ಟಣಗಳಲ್ಲಿ. ಅದು ಹಬ್ಬಿದ್ದು ಮುಖ್ಯವಾಗಿ ಸಮತಟ್ಟಾದ ನೆಲದ ಮೇಲೆ. ಶಿವಮೊಗ್ಗ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಗಟ್ಟಿ ರಸ್ತೆಗಳೂ ಸಮತಟ್ಟಾದ ನೆಲವೂ ಅಪರೂಪವಾಗಿದ್ದರೂ, ಇಪ್ಪತ್ತನೆಯ ಶತಮಾನದ ನಡುವಣ ಮೂರು ನಾಲ್ಕು ದಶಕಗಳ ಕಾಲ ಮನೆಯಿಂದ ಕೆಲಸಕ್ಕೆ ಹೋಗಿಬರುವ ನೌಕರನಿಗೆ, ಶಿಕ್ಷಕನಿಗೆ, ಅಂಚೆಯವನಿಗೆ, ತಲೆಹೊರೆಯ ವ್ಯಾಪಾರಿಗೆ ಸ್ವಂತ ವಾಹನವೆಂದರೆ ಸೈಕಲ್ಲೇ ಆಗಿತ್ತು. ಹೀಗೆ ತನ್ನದಲ್ಲದ ನೆಲಕ್ಕೆ ಬಂದ ಯಂತ್ರವನ್ನು ಈ ಸೀಮೆಯ ಜನ ಹೇಗೆ ಆರಿಸಿಕೊಂಡರು, ಯಾವ ಗುಣಗಳನ್ನು ನೋಡಿ ಕೊಂಡರು, ಅವರಿಗೆ ನಿಜವಾಗಿ ಬೇಕಾಗಿದ್ದ ಯಾವ ಗುಣ ಆ ಯಂತ್ರದಲ್ಲಿ ದೊರೆಯಲಿಲ್ಲ ಎಂಬುದನ್ನು ಗಮನಿಸಿದರೆ, ಮಲೆನಾಡಿನ ದುಡಿಮೆಯ ಚರಿತ್ರೆಯ ಒಂದು ಮುಖ ತೆರೆದುಕೊಳ್ಳುತ್ತದೆ.

ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ಇಲ್ಲಿಯ ಊರುಗಳು ಬಯಲುಸೀಮೆಯ ಊರುಗಳಂತೆ ಒತ್ತಾಗಿ ಕೂಡಿಕೊಂಡವಲ್ಲ. ಕಣಿವೆಯ ತಗ್ಗಿನಲ್ಲಿ ಅಡಕೆ ತೋಟ, ತೋಟದ ಮೇಲಂಚಿನಲ್ಲಿ ಒಂಟಿಮನೆ ಅಥವಾ ನಾಲ್ಕಾರು ಮನೆಗಳ ಕೇರಿ, ಮನೆಯ ಹಿಂದೆ ತೋಟಕ್ಕೆ ಹಸಿಸೊಪ್ಪು ಒದಗಿಸುವ ಸೊಪ್ಪಿನಬೆಟ್ಟ, ಅದರಾಚೆ ಮತ್ತೊಂದು ಗುಡ್ಡ, ಮತ್ತೊಂದು ಕಣಿವೆ. ಒಂದು ಮನೆಯಿಂದ ಇನ್ನೊಂದಕ್ಕೆ, ಊರಿನಿಂದ ಶಾಲೆಗೆ, ಶಾಲೆಯಿಂದ ಪೇಟೆಗೆ ಹೋಗುವ ದಾರಿ ಅನಿವಾರ್ಯವಾಗಿ ಇಳಿದು ಏರುತ್ತದೆ. ಇಳಿದ ತಗ್ಗಿನಲ್ಲಿ ಒಂದು ಹಳ್ಳ, ಹಳ್ಳಕ್ಕೆ ಅಡ್ಡವಾಗಿ ಮರದ ದಿಮ್ಮಿಗಳನ್ನು ಹಾಸಿ ಕಟ್ಟಿದ ಕಾಲುಸೇತುವೆ, ಅಂದರೆ ಸಂಕ. ದಾರಿಯ ಇಕ್ಕೆಲಗಳಲ್ಲಿ ಮಣ್ಣು ಕಡಿದು ನಿಂತ ಗೋಡೆಯಂಥ ದರೆ. ನೆಲ ಜಂಬಿಟ್ಟಿಗೆಯದು, ಬೇಸಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಜಾರುವ ಕೆಸರು. ಮಳೆಯ ಪ್ರಮಾಣವೂ ಸಾಮಾನ್ಯವಲ್ಲ: ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರನ್ನು ದಾಟುತ್ತದೆ, ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದಕ್ಕೆ ಸಾಟಿಯಾಗಿ ನಿಲ್ಲುತ್ತದೆ, ಮತ್ತು ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಕಂಬಳಿಕೊಪ್ಪೆಯನ್ನೋ, ಎಲೆಗಳಿಂದ ಹೆಣೆದು ಬೆನ್ನಿನ ಮೇಲೆ ಹೊರುವ ಗೊರಬನ್ನೋ ಹೊದ್ದು ಕಾಲ್ನಡಿಗೆಯಲ್ಲಿ ಸಾಗುವುದಕ್ಕೆ ಈ ದಾರಿಗಳು ಹೊಂದಿಕೊಂಡಿದ್ದವು, ಗಾಲಿಗೆ ಹೊಂದಿಕೊಂಡಿರಲಿಲ್ಲ. ಎತ್ತಿನ ಗಾಡಿ ಕೂಡ ಎಲ್ಲ ಊರುಗಳಿಗೂ ಹೋಗುತ್ತಿರಲಿಲ್ಲ, ಹೋದಲ್ಲಿಯೂ ಮಳೆಗಾಲದಲ್ಲಿ ನಿಲ್ಲುತ್ತಿತ್ತು.

ಇಂಥ ಸೀಮೆಗೆ ಸೈಕಲ್ಲು ಬರುವ ಹೊತ್ತಿಗೆ ಅದರ ಇಂದಿನ ಆಕಾರ ಸಿದ್ಧವಾಗಿತ್ತು. ಜರ್ಮನಿಯ ಮಾನ್‌ಹೈಮಿನಲ್ಲಿ ಕಾರ್ಲ್ ಫಾನ್ ಡ್ರೈಸ್ 1817ರಲ್ಲಿ ಮಾಡಿದ, ಕಾಲಿನಿಂದ ನೆಲವನ್ನು ಒದ್ದು ಓಡಿಸುವ ಎರಡು ಗಾಲಿಯ ಮರದ ಯಂತ್ರ ಈ ಕುಲದ ಮೂಲ. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಗಾಲಿಗೆ ಪೆಡಲು ಸೇರಿತು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿಗಳನ್ನು ಹೆಚ್ಚುಕಡಿಮೆ ಸಮಗಾತ್ರದಲ್ಲಿ ಇಟ್ಟು, ಪೆಡಲಿನ ಬಲವನ್ನು ಸರಪಳಿಯ ಮೂಲಕ ಹಿಂದಿನ ಗಾಲಿಗೆ ಕಳಿಸುವ ‘ರೋವರ್’ ಸೈಕಲ್ಲನ್ನು ಮಾರುಕಟ್ಟೆಗೆ ತಂದನು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ರಬ್ಬರ್ ಟೈರಿಗೆ ಪೇಟೆಂಟು ಪಡೆದನು. ಈ ಕೊನೆಯ ಎರಡು ಸಾಧನೆಗಳಿಂದ ಸೈಕಲ್ಲು ಶ್ರೀಮಂತರ ಸಾಹಸದ ಆಟವಾಗಿ ಉಳಿಯದೆ ದುಡಿಯುವವರ ವಾಹನವಾಗತೊಡಗಿತು.

ಮೈಸೂರು ಸಂಸ್ಥಾನದ ಈ ಮೂಲೆಗೆ ಅದು ಮೊದಲು ತಲಪಿದ್ದು ಯಾವಾಗ ಎಂಬ ಪ್ರಶ್ನೆಗೆ ಕನ್ನಡದ ಶ್ರೇಷ್ಠ ಕಾದಂಬರಿಯೊಂದು ಒಂದು ಬಗೆಯ ಉತ್ತರವನ್ನು ಇಟ್ಟುಕೊಂಡಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾದರೂ ಅದರ ಕತೆ ನಡೆಯುವುದು ತೀರ್ಥಹಳ್ಳಿ ತಾಲ್ಲೂಕಿನ ಮೇಗರವಳ್ಳಿಯ ಸುತ್ತಿನ ಹಳ್ಳಿಗಳಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದ ಹೊತ್ತಿಗೆ; ಅಲ್ಲಿ ಕ್ರೈಸ್ತ ಮಿಷನ್ನಿನವರ ಜೊತೆಗೆ ಬರುವ ಸೈಕಲ್ಲನ್ನು ಹಳ್ಳಿಯವರು ‘ಬೀಸೆಕಲ್ಲು’ ಎಂದು ಕರೆಯುತ್ತಾರೆ, ಅದನ್ನು ನೋಡಲು ಜನ ಸೇರುತ್ತಾರೆ, ಸವಾರಿ ಕಲಿಯುವ ಆಸೆ ಗೌಡರ ಮನೆತನದ ತರುಣನಿಗೂ ಹತ್ತುತ್ತದೆ. ಕಾದಂಬರಿಯನ್ನು ದಾಖಲೆಯೆಂದು ಓದಲಾಗದು. ಆದರೆ ಗಾಳಿ ಟೈರಿನ ಸೈಕಲ್ಲು ಹುಟ್ಟಿದ ಕಾಲಕ್ಕೂ ಕತೆಯ ಕಾಲಕ್ಕೂ ಹೊಂದಾಣಿಕೆಯಿದೆ, ಮತ್ತು ಭಾರತದ ಒಳನಾಡಿನ ಹಲವೆಡೆ ಮೊದಲ ಸೈಕಲ್ಲುಗಳು ಮಿಷನರಿಗಳ, ಅಧಿಕಾರಿಗಳ ಕೈಯಲ್ಲೇ ಬಂದವು ಎಂಬುದು ತಿಳಿದ ಸಂಗತಿ. ಅದಕ್ಕಿಂತ ಮುಖ್ಯವಾದುದು, ಸೈಕಲ್ಲು ಮಲೆನಾಡನ್ನು ಹೊಕ್ಕಾಗ ಅದು ಕೇವಲ ದೂರವನ್ನು ಕಡಿಮೆ ಮಾಡುವ ಸಾಧನವಾಗಿರದೆ, ಯಾರು ಅದನ್ನು ಹತ್ತಬಹುದು, ಯಾರ ಎದುರು ಹತ್ತಬಹುದು ಎಂಬ ಮೇಲುಕೀಳಿನ ಲೆಕ್ಕದೊಳಗೂ ಸಿಕ್ಕಿಕೊಂಡ ವಸ್ತುವಾಗಿತ್ತು ಎಂಬ ಅರಿವು. ಮುಂದಿನ ಅರ್ಧ ಶತಮಾನದಲ್ಲಿ ಅದು ಆ ಲೆಕ್ಕದಿಂದ ನಿಧಾನವಾಗಿ ಬಿಡಿಸಿಕೊಂಡಿತು.

ಬಿಡಿಸಿಕೊಳ್ಳುವುದಕ್ಕೆ ಸಾಗಣೆಯ ಅನುಕೂಲ ಮೊದಲು ಒದಗಬೇಕಾಗಿತ್ತು. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂದಿತು; ಅದು ಅರಸಾಳು, ಆನಂದಪುರಂ, ಸಾಗರಗಳ ಮೂಲಕ ತಾಳಗುಪ್ಪವನ್ನು ಮುಟ್ಟುವುದಕ್ಕೆ 1940ರವರೆಗೆ ಕಾಯಬೇಕಾಯಿತು. ಹೊಸನಗರ, ತೀರ್ಥಹಳ್ಳಿ ಪಟ್ಟಣಗಳಿಗೆ ರೈಲು ಇಂದಿಗೂ ಇಲ್ಲ. ಆ ಮೊದಲ ದಶಕಗಳಲ್ಲಿ ಬರುತ್ತಿದ್ದ ಸೈಕಲ್ಲುಗಳು ಬಹುತೇಕ ಬ್ರಿಟಿಷ್ ತಯಾರಿಕೆಯವು: ನಾಟಿಂಗ್‌ಹ್ಯಾಮಿನ ರ‍್ಯಾಲಿ, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ., ಹರ್ಕ್ಯುಲಿಸ್, ಫಿಲಿಪ್ಸ್. ಇವು ಅಮಲ್ದಾರರ ಕಚೇರಿ, ಅರಣ್ಯ ಇಲಾಖೆ, ಶಾಲಾ ತನಿಖಾಧಿಕಾರಿ, ವೈದ್ಯ, ವಕೀಲ, ದೊಡ್ಡ ಹಿಡುವಳಿಯ ಅಡಕೆ ಬೆಳೆಗಾರ ಇವರ ವಲಯದೊಳಗೇ ಉಳಿದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದೊರೆಯದೆ ಬಸ್ಸುಗಳು ಇದ್ದಿಲನ್ನು ಉರಿಸಿ ಪಡೆದ ಅನಿಲದಿಂದ ಓಡಬೇಕಾದಾಗ, ಏರಿನಲ್ಲಿ ಸೋತು ನಿಂತ ಬಸ್ಸನ್ನು ಪ್ರಯಾಣಿಕರೇ ದೂಡಬೇಕಾದಾಗ, ತನ್ನದೇ ಕಾಲಿನ ಬಲದಿಂದ ನಡೆಯುವ ವಾಹನದ ಬೆಲೆ ಜನರಿಗೆ ತಿಳಿಯಿತು.

ಸೈಕಲ್ಲು ಸಾಮಾನ್ಯರ ಕೈಗೆ ಬಂದದ್ದು ಸ್ವಾತಂತ್ರ್ಯದ ನಂತರ. ಮುಂಬಯಿಯ ಹಿಂದ್ ಸೈಕಲ್ಸ್ ಅದಕ್ಕೆ ಮೊದಲೇ ತಯಾರಿಕೆಯನ್ನು ಆರಂಭಿಸಿತ್ತು. 1949ರಲ್ಲಿ ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ಸ್ಥಾಪನೆಯಾಗಿ ಹರ್ಕ್ಯುಲಿಸ್, ಬಿ.ಎಸ್.ಎ., ಫಿಲಿಪ್ಸ್ ಹೆಸರಿನ ಸೈಕಲ್ಲುಗಳು ಭಾರತದಲ್ಲೇ ತಯಾರಾಗತೊಡಗಿದವು. ಬಂಗಾಳದ ಆಸನ್‌ಸೋಲಿನ ಸೆನ್-ರ‍್ಯಾಲಿ, 1951ರಲ್ಲಿ ಸೋನೆಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೊ ಇವು ಒಂದರ ಹಿಂದೆ ಒಂದರಂತೆ ಬಂದವು. ಮಲೆನಾಡಿನವರು ದಕ್ಷಿಣದ ಇತರರಂತೆ ಅಂಬತ್ತೂರಿನ ಸೈಕಲ್ಲುಗಳನ್ನೂ ಉತ್ತರದ ಅಟ್ಲಾಸ್, ಹೀರೊಗಳನ್ನೂ ಹೋಲಿಸಿ ನೋಡಿ ಕೊಂಡರು. ಈ ಎಲ್ಲ ಕಂಪನಿಗಳ ಸೈಕಲ್ಲು ಹೆಸರಿನಲ್ಲಿ ಮತ್ತು ಬಣ್ಣದ ಗೆರೆಗಳಲ್ಲಿ ಬೇರೆಯಾಗಿದ್ದರೂ ವಿನ್ಯಾಸದಲ್ಲಿ ಬಹುಮಟ್ಟಿಗೆ ಒಂದೇ ಆಗಿತ್ತು, ಮತ್ತು ಆ ವಿನ್ಯಾಸ ಇಪ್ಪತ್ತನೆಯ ಶತಮಾನದ ಆರಂಭದ ಇಂಗ್ಲಿಷ್ ‘ರೋಡ್‌ಸ್ಟರ್’ ಎಂಬ ದಾರಿಸೈಕಲ್ಲಿನದು.

ಆ ಸೈಕಲ್ಲಿನ ಅಂಗಗಳನ್ನು ಇಲ್ಲಿ ವಿವರಿಸುವುದು ಅಗತ್ಯ, ಏಕೆಂದರೆ ಕೊಳ್ಳುವವನ ಆಯ್ಕೆ ಇವುಗಳ ಸುತ್ತಲೇ ನಡೆಯುತ್ತಿತ್ತು. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಫ್ರೇಮು 22 ಅಥವಾ 24 ಅಂಗುಲದ್ದು. ಸವಾರನ ಎತ್ತರಕ್ಕೆ ತಕ್ಕಂತೆ ಇವೆರಡರಲ್ಲಿ ಒಂದನ್ನು ಆರಿಸಬೇಕು. ಗಾಲಿಯ ಅಳತೆ 28 ಅಂಗುಲ, ಟೈರಿನ ಅಗಲ ಒಂದೂವರೆ ಅಂಗುಲ. ಸೀಟಿನಿಂದ ಹ್ಯಾಂಡಲಿನವರೆಗೆ ಅಡ್ಡಲಾಗಿ ಹಾದುಹೋಗುವ ಮೇಲಿನ ಕೊಳವೆಯೇ ‘ಬಾರು’. ಅದರ ಮೇಲೆ ಮಗುವನ್ನೋ ಎರಡನೆಯ ಸವಾರನನ್ನೋ ಕೂರಿಸಬಹುದು. ಹಿಂದಿನ ಗಾಲಿಯ ಮೇಲೆ ಕ್ಯಾರಿಯರ್ ಎಂಬ ಕಬ್ಬಿಣದ ಹೊರೆಪೀಠ. ಸರಪಳಿಯನ್ನು ಪೂರ್ತಿಯಾಗಿ ಮುಚ್ಚುವ ಚೈನ್ ಕವರು ಪಂಚೆ ಸಿಕ್ಕಿಹಾಕಿಕೊಳ್ಳದಂತೆಯೂ ಕೆಸರು ಸಿಡಿಯದಂತೆಯೂ ಕಾಯುತ್ತದೆ. ಗಾಲಿಗೆ ಉಜ್ಜಿಕೊಂಡು ತಿರುಗಿ ಬೆಳಕು ಕೊಡುವ ಸಣ್ಣ ವಿದ್ಯುಜ್ಜನಕವೇ ಡೈನಮೋ. ಒಟ್ಟು ತೂಕ 20 ಕಿಲೋಗ್ರಾಂಗೂ ಮೇಲೆ. ಮುಂದಿನ ಗಾಲಿಯನ್ನು ಹಿಡಿದ ಫೋರ್ಕು ಹೆಚ್ಚು ವಾಲಿದ್ದು, ಎರಡು ಗಾಲಿಗಳ ನಡುವಣ ಅಂತರ ಉದ್ದವಾಗಿದ್ದುದರಿಂದ, ಕಲ್ಲುಮಣ್ಣಿನ ದಾರಿಯಲ್ಲಿ ಅದು ಗಟ್ಟಿಯಾಗಿ, ತೂಗಾಡದೆ ಸಾಗುತ್ತಿತ್ತು. ಮಲೆನಾಡಿನ ರಸ್ತೆಗಳಿಗೆ ಅದು ಒಗ್ಗಿದ್ದು ಈ ಒಂದು ಗುಣದಿಂದ. ಒಗ್ಗದೆ ಉಳಿದ ಗುಣಗಳು ಎರಡು, ಮತ್ತು ಎರಡೂ ಮೂಲಭೂತವಾದವು: ಏರುವುದು, ನಿಲ್ಲುವುದು.

ಏರುವ ವಿಷಯ ಸರಳ ಲೆಕ್ಕಕ್ಕೆ ಸಿಗುವಂಥದು. ಈ ಸೈಕಲ್ಲುಗಳಲ್ಲಿ ಪೆಡಲಿನ ಬಳಿಯ ದೊಡ್ಡ ಹಲ್ಲುಚಕ್ರಕ್ಕೆ ಸಾಮಾನ್ಯವಾಗಿ 48 ಹಲ್ಲು, ಹಿಂದಿನ ಗಾಲಿಯ ಫ್ರೀವೀಲಿಗೆ, ಅಂದರೆ ಮುಂದಕ್ಕೆ ಮಾತ್ರ ಕಚ್ಚಿಕೊಳ್ಳುವ ಸಣ್ಣ ಹಲ್ಲುಚಕ್ರಕ್ಕೆ, 18 ಹಲ್ಲು ಇರುತ್ತಿದ್ದವು. ಪೆಡಲು ಒಂದು ಸುತ್ತು ತಿರುಗಿದರೆ ಗಾಲಿ ಎರಡೂಮುಕ್ಕಾಲು ಸುತ್ತಿಗೆ ತುಸು ಕಡಿಮೆ ತಿರುಗಿ, ಸೈಕಲ್ಲು ಸುಮಾರು 5.9 ಮೀಟರು ಮುಂದೆ ಸಾಗುತ್ತದೆ. ಸಮತಟ್ಟಾದ ದಾರಿಯಲ್ಲಿ ಇದು ಒಳ್ಳೆಯ ಅನುಪಾತ. ಹೆಚ್ಚು ತುಳಿಯದೆ ಹೆಚ್ಚು ದೂರ ಹೋಗಬಹುದು. ಆದರೆ ಹನ್ನೆರಡು ಅಡಿ ಸಾಗಿದರೆ ಒಂದು ಅಡಿ ಮೇಲೇರುವ ಉಬ್ಬನ್ನು ತೆಗೆದುಕೊಳ್ಳೋಣ; ಮೂರೂ ತಾಲ್ಲೂಕುಗಳ ಊರದಾರಿಗಳಲ್ಲಿ ಇಂಥ ಉಬ್ಬು ಅಪರೂಪವಲ್ಲ. 65 ಕಿಲೋಗ್ರಾಂ ತೂಕದ ಸವಾರ 22 ಕಿಲೋಗ್ರಾಂ ತೂಕದ ಸೈಕಲ್ಲನ್ನು ಅಲ್ಲಿ ಏರಿಸಬೇಕಾದರೆ, ಗಾಳಿಯ ಮತ್ತು ನೆಲದ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ, ಪೆಡಲಿನ ಮೇಲೆ ಸರಾಸರಿ ಸುಮಾರು 40 ಕಿಲೋಗ್ರಾಂ ಭಾರದಷ್ಟು ಒತ್ತಡ ಸುತ್ತಿನ ಉದ್ದಕ್ಕೂ ಬೀಳಬೇಕು. ಕಾಲು ಬಲ ಕೊಡುವುದು ಪೆಡಲು ಕೆಳಗಿಳಿಯುವಾಗ ಮಾತ್ರವಾದ್ದರಿಂದ ಆ ಕ್ಷಣದ ಒತ್ತಡ 60 ಕಿಲೋಗ್ರಾಂ ದಾಟುತ್ತದೆ. ಎಂದರೆ ಸವಾರ ಸೀಟಿನಿಂದೆದ್ದು ತನ್ನ ಇಡೀ ದೇಹದ ಭಾರವನ್ನು ಒಂದೊಂದು ಪೆಡಲಿನ ಮೇಲೂ ಹಾಕಬೇಕು. ಕ್ಯಾರಿಯರಿನ ಮೇಲೆ ಹೊರೆಯಿದ್ದರೆ ಅದೂ ಸಾಲದು. ಮಲೆನಾಡಿನ ಸವಾರರು ಉಬ್ಬು ಬಂದಲ್ಲೆಲ್ಲ ಇಳಿದು ಸೈಕಲ್ಲನ್ನು ದೂಡಿಕೊಂಡು ನಡೆದದ್ದು ಶಕ್ತಿಯ ಕೊರತೆಯಿಂದಲ್ಲ, ಆ ಯಂತ್ರದ ಹಲ್ಲುಗಳ ಎಣಿಕೆಯಿಂದ.

ಇದಕ್ಕೆ ಪರಿಹಾರ ಆ ಹೊತ್ತಿಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ ಎಂಬುದು ಈ ಚರಿತ್ರೆಯಲ್ಲಿ ನೋವಿನ ಅಂಶ. ಹಿಂದಿನ ಗಾಲಿಯ ಹಬ್ಬಿನೊಳಗೆ, ಅಂದರೆ ಕಡ್ಡಿಗಳೆಲ್ಲ ಬಂದು ಸೇರುವ ನಡುಗುಂಬದೊಳಗೆ, ಮೂರು ವೇಗಗಳ ಹಲ್ಲುಚಕ್ರಗಳನ್ನು ಅಡಗಿಸಿಡುವ ಸ್ಟರ್ಮಿ-ಆರ್ಚರ್ ವ್ಯವಸ್ಥೆ ನಾಟಿಂಗ್‌ಹ್ಯಾಮಿನಲ್ಲಿ 1902ರಲ್ಲೇ ಸಿದ್ಧವಾಗಿ, ರ‍್ಯಾಲಿ ಸೈಕಲ್ಲುಗಳಿಗೆ ಸೇರಿತ್ತು. ಮುಂದೆ ಜಗತ್ತಿನಲ್ಲೆಲ್ಲ ಬಳಕೆಯಾದ ಅದರ ಮಾದರಿಯಲ್ಲಿ ಕೆಳಗಿನ ಗೇರು ಸಾಮಾನ್ಯ ಗೇರಿನ ಮುಕ್ಕಾಲು ಪಾಲಿನಷ್ಟಿತ್ತು. ಮೇಲೆ ಹೇಳಿದ ಉಬ್ಬಿನಲ್ಲಿ 40 ಕಿಲೋಗ್ರಾಂ ಒತ್ತಡವನ್ನು ಅದು 30ಕ್ಕೆ ಇಳಿಸುತ್ತಿತ್ತು. ಯಂತ್ರಭಾಗವೆಲ್ಲ ಮುಚ್ಚಿದ ಹಬ್ಬಿನೊಳಗೆ ಇದ್ದುದರಿಂದ ಕೆಸರು, ಮಳೆ, ಧೂಳು ಅದನ್ನು ಮುಟ್ಟುತ್ತಿರಲಿಲ್ಲ. ಮಲೆನಾಡಿಗಾಗಿಯೇ ಮಾಡಿದಂತಿದ್ದ ಈ ಸಾಧನ ಮಲೆನಾಡಿನ ದುಡಿಮೆಗಾರನ ಸೈಕಲ್ಲಿಗೆ ಬರಲಿಲ್ಲ. ಅದರ ಬೆಲೆ ಹೆಚ್ಚು, ಬಿಚ್ಚಿ ಜೋಡಿಸುವ ಕೌಶಲ ವಿರಳ. ಸ್ವಾತಂತ್ರ್ಯಾನಂತರ ಆಮದಿನ ಮೇಲೆ ಬಿದ್ದ ನಿರ್ಬಂಧ ಮತ್ತು ಸುಂಕ ದೇಶೀ ಕಾರ್ಖಾನೆಗಳನ್ನು ಬೆಳೆಸಿದವು, ಆದರೆ ಆ ಕಾರ್ಖಾನೆಗಳ ಕಣ್ಣು ಗಂಗೆಯ ಬಯಲು, ಪಂಜಾಬು, ತಮಿಳುನಾಡಿನ ಸಮತಟ್ಟಾದ ಜಿಲ್ಲೆಗಳ ದೊಡ್ಡ ಮಾರುಕಟ್ಟೆಯ ಮೇಲಿತ್ತು. ಸಹ್ಯಾದ್ರಿಯ ಅಂಚಿನ ಕೆಲವು ತಾಲ್ಲೂಕುಗಳಿಗಾಗಿ ಬೇರೊಂದು ಸೈಕಲ್ಲನ್ನು ಮಾಡಬೇಕೆಂದು ಯಾರಿಗೂ ಅನಿಸಲಿಲ್ಲ. 18 ಹಲ್ಲಿನ ಫ್ರೀವೀಲಿನ ಬದಲು 22 ಹಲ್ಲಿನದನ್ನು ಹಾಕಿದ್ದರೂ, ಹೆಚ್ಚಿನ ಖರ್ಚಿಲ್ಲದೆ, ಏರಿನ ಶ್ರಮದಲ್ಲಿ ಐದರಲ್ಲಿ ಒಂದು ಪಾಲಿನಷ್ಟು ತಗ್ಗುತ್ತಿತ್ತು. ಸಾಮಾನ್ಯ ಸೈಕಲ್ಲಿಗೆ ಅಷ್ಟನ್ನೂ ಕಾರ್ಖಾನೆಗಳು ಮಾಡಲಿಲ್ಲ. ಸರ್ಕಾರಿ ಖರೀದಿಯ ಸೈಕಲ್ಲುಗಳಿಗಾದರೂ ಅದನ್ನು ಕೇಳಬಹುದಾಗಿತ್ತು.

ನಿಲ್ಲುವ ವಿಷಯದಲ್ಲಿ ತೊಂದರೆ ಇನ್ನೂ ಹೆಚ್ಚಿನದು. ದಾರಿಸೈಕಲ್ಲಿನ ಬ್ರೇಕು ಕಂಬಿಯದು: ಹಿಡಿಯನ್ನು ಒತ್ತಿದಾಗ ಉಕ್ಕಿನ ಸರಳುಗಳು ರಬ್ಬರಿನ ಬಿರಡೆಗಳನ್ನು ಗಾಲಿಯ ಬಳೆಯ ಒಳಮೈಗೆ ಎಳೆದು ಒತ್ತುತ್ತವೆ. ಬಳೆ ಮೆರುಗು ಹಾಕಿದ ಉಕ್ಕಿನದಾದ್ದರಿಂದ ಅದು ಒದ್ದೆಯಾದಾಗ ರಬ್ಬರಿನ ಹಿಡಿತ ಬಹುಪಾಲು ಕಳೆದುಹೋಗುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಬಳೆ ಒಣಗುವುದೇ ಇಲ್ಲದ ಸೀಮೆಯಲ್ಲಿ, ಇಳಿಜಾರಿನ ಕೊನೆಗೆ ತಿರುವು ಮತ್ತು ಸಂಕ ಎರಡೂ ಇರುವ ದಾರಿಯಲ್ಲಿ, ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಎಚ್ಚರವುಳ್ಳವರು ಕಡಿದಾದ ಇಳಿಜಾರಿನಲ್ಲೂ ಇಳಿದು, ಸೈಕಲ್ಲನ್ನು ಹಿಡಿದುಕೊಂಡೇ ಹೋಗುತ್ತಿದ್ದರು. ಬಿರಡೆಗಳನ್ನು ಸವೆಯುವ ಮೊದಲೇ ಬದಲಿಸುತ್ತಿದ್ದರು. ಮಳೆಯ ದೇಶವಾದ ನೆದರ್ಲೆಂಡ್ಸಿನಲ್ಲಿ ನೆಲ ಸಮತಟ್ಟಾಗಿದ್ದರೂ ಜನ ಹಬ್ಬಿನೊಳಗೇ ಮುಚ್ಚಿದ ಬ್ರೇಕಿರುವ, ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುವ ಸೈಕಲ್ಲನ್ನು ರೂಢಿಸಿಕೊಂಡರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಹೀಗಿದ್ದರೂ ಜನ ಸೈಕಲ್ಲು ಕೊಂಡರು, ಮತ್ತು ಕೊಳ್ಳುವಾಗ ಬಹಳ ವಿಚಾರ ಮಾಡಿ ಕೊಂಡರು. ಸೈಕಲ್ಲಿನ ಬೆಲೆ ಒಬ್ಬ ಪ್ರಾಥಮಿಕ ಶಾಲೆಯ ಶಿಕ್ಷಕನ ಒಂದಕ್ಕಿಂತ ಹೆಚ್ಚು ತಿಂಗಳ ಸಂಬಳವನ್ನು ನುಂಗುತ್ತಿದ್ದ ಕಾಲದಲ್ಲಿ ಸರ್ಕಾರಿ ನೌಕರರಿಗೆ ಸೈಕಲ್ಲು ಕೊಳ್ಳಲು ಮುಂಗಡ ಕೊಟ್ಟು, ಅದನ್ನು ಸಂಬಳದಲ್ಲಿ ಕಂತುಗಳಾಗಿ ಹಿಡಿದುಕೊಳ್ಳುವ ಪದ್ಧತಿ ಇತ್ತು. ಬೆಳೆಗಾರರಿಗೆ ಅಡಕೆ ಸುಗ್ಗಿಯೇ ಕಾಲ. ಕೊಯ್ಲು, ಸುಲಿತ, ಬೇಯಿಸುವಿಕೆ, ಒಣಗಿಸುವಿಕೆಗಳು ಮುಗಿದು ಅಡಕೆ ಮಂಡಿಗೆ ಹೋದ ಮೇಲೆ ಹೊಸ ವಸ್ತುಗಳ ಮಾತು. 1939ರಲ್ಲಿ ಸ್ಥಾಪನೆಯಾದ ಮಲೆನಾಡು ಅಡಕೆ ಮಾರಾಟ ಸಹಕಾರ ಸಂಘ, ಅಂದರೆ ಮ್ಯಾಮ್ಕೋಸ್, ಬೆಳೆಗಾರನಿಗೆ ಮಧ್ಯವರ್ತಿಯ ಸಾಲದ ಹಿಡಿತದಿಂದ ಸ್ವಲ್ಪವಾದರೂ ಬಿಡುಗಡೆ ಕೊಟ್ಟು ಕೈಗೆ ನಗದು ಬರುವಂತೆ ಮಾಡಿದ್ದು ಇಂಥ ಖರೀದಿಗಳ ಹಿಂದಿನ ಒಂದು ಕಾರಣವೆಂದು ತಿಳಿಯಬಹುದು. ಭೂಮಿಯ ಪ್ರಶ್ನೆಯೂ ಇದಕ್ಕೆ ಸೇರಿಕೊಂಡಿದೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹದಿಂದ ಮೊದಲುಗೊಂಡು, 1974ರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬರುವವರೆಗಿನ ಅವಧಿಯಲ್ಲಿ, ಸೈಕಲ್ಲು ಒಡೆಯರ ಅಂಗಳದಿಂದ ಗೇಣಿದಾರರ ಅಂಗಳಕ್ಕೆ ನಡೆದುಬಂದಿತು. ಉಳುವವನ ಫಸಲು ಉಳುವವನಲ್ಲೇ ಉಳಿಯತೊಡಗಿದಾಗ ಆ ಮನೆಗೆ ಬಂದ ಮೊದಲ ಯಂತ್ರಗಳಲ್ಲಿ ಸೈಕಲ್ಲು ಒಂದು.

ಆಯ್ಕೆಯಲ್ಲಿ ಕೆಲಸದ ಸ್ವರೂಪವೇ ನಿರ್ಣಾಯಕವಾಗಿತ್ತು. ಅಂಚೆಯವನಿಗೆ ಬೇಕಾದುದು ಹಗುರ ಹೊರೆಯೊಡನೆ ನಿತ್ಯವೂ ಒಂದೇ ದಾರಿಯಲ್ಲಿ ಸುತ್ತುವ ವಾಹನ. ಮೈಸೂರು ಸಂಸ್ಥಾನದ ಸ್ವಂತ ‘ಅಂಚೆ’ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಗುವ ಮೊದಲೂ ಆಮೇಲೂ ಕಾಗದದ ಚೀಲ ಓಟಗಾರರ ಹೆಗಲ ಮೇಲೆ ಹೋಗುತ್ತಿದ್ದ ಈ ದಾರಿಗಳಲ್ಲಿ, ಸೈಕಲ್ಲು ಬಂದ ಮೇಲೂ ಅಂಚೆಯವನು ಅದನ್ನು ಕೊನೆಯ ಮನೆಯವರೆಗೆ ಒಯ್ಯುತ್ತಿರಲಿಲ್ಲ. ರಸ್ತೆ ಮುಗಿಯುವಲ್ಲಿ ಪರಿಚಯದ ಮನೆಯ ಜಗಲಿಗೆ ಅದನ್ನು ಒರಗಿಸಿ, ತೋಟದ ಏರಿಯ ಮೇಲೆ, ಸಂಕದ ಮೇಲೆ ನಡೆದು, ಮರಳಿ ಬಂದು ಹತ್ತುತ್ತಿದ್ದನು. ಶಿಕ್ಷಕನಿಗೆ ಪಂಚೆ ಕೊಳೆಯಾಗದ ಚೈನ್ ಕವರು ಮತ್ತು ಮಡ್‌ಗಾರ್ಡು ಮುಖ್ಯ. ವಿದ್ಯುತ್ ಮಂಡಳಿಯ ಲೈನ್‌ಮನ್ನಿಗೆ ತಂತಿಯ ಸುರುಳಿ, ಹಗ್ಗ, ಉಪಕರಣದ ಚೀಲ ಹೊರುವ ಕ್ಯಾರಿಯರು ಮುಖ್ಯ. ಪುರೋಹಿತರಿಗೆ, ನಾಟಿವೈದ್ಯರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುವುದರಿಂದ ಡೈನಮೋ ಮುಖ್ಯ. ಆದರೆ ಡೈನಮೋದ ದೀಪ ಗಾಲಿ ತಿರುಗಿದಾಗ ಮಾತ್ರ ಉರಿಯುವುದರಿಂದ, ಸೈಕಲ್ಲನ್ನು ದೂಡಿಕೊಂಡು ಹತ್ತುವ ಏರಿನಲ್ಲಿ ಬೆಳಕು ಮಂಕಾಗಿ, ಬ್ಯಾಟರಿಯೊಂದನ್ನು ಜೊತೆಗೆ ಇಟ್ಟುಕೊಳ್ಳಬೇಕಾಗುತ್ತಿತ್ತು.

ಹೊರೆಯ ವ್ಯಾಪಾರಿಗಳ ಸೈಕಲ್ಲಿನ ವಿಷಯ ಬೇರೆ. ಕ್ಯಾರಿಯರಿನ ಮೇಲೆ ಬೆತ್ತದ ಬುಟ್ಟಿ ಅಥವಾ ಮರದ ಪೆಟ್ಟಿಗೆ ಕಟ್ಟಿ ಮೀನು, ಬ್ರೆಡ್ಡು, ಐಸ್‌ಕ್ಯಾಂಡಿ, ಪಾತ್ರೆ, ಬಟ್ಟೆ ಮಾರುವವರು ಮನೆಯಿಂದ ಮನೆಗೆ ಹೋಗುತ್ತಿದ್ದರು. ಕರಾವಳಿಯ ಮೀನು ಆಗುಂಬೆಯ 14 ತಿರುವುಗಳನ್ನೋ ಹುಲಿಕಲ್ಲು ಘಾಟಿಯನ್ನೋ ಬಸ್ಸು ಲಾರಿಗಳಲ್ಲಿ ಏರಿ ಬಂದು, ಅಲ್ಲಿಂದ ಒಳಹಳ್ಳಿಗಳಿಗೆ ಸೈಕಲ್ಲಿನ ಮೇಲೆ ಹಂಚಿಹೋಗುತ್ತಿತ್ತು. ಇವರು ಹೊಸ ಸೈಕಲ್ಲು ಕೊಂಡರೂ ಅದನ್ನು ಹಾಗೆಯೇ ಬಳಸದೆ, ಹಿಂದಿನ ಗಾಲಿಗೆ ದಪ್ಪ ಕಡ್ಡಿ, ಕ್ಯಾರಿಯರಿಗೆ ಹೆಚ್ಚಿನ ಆಧಾರದ ಸರಳು, ಎರಡೂ ಬದಿಗೆ ಕಾಲಿರುವ ಅಗಲ ಸ್ಟ್ಯಾಂಡು ಹಾಕಿಸಿಕೊಳ್ಳುತ್ತಿದ್ದರು. ಇವರ ಪಾಲಿಗೆ ಸೈಕಲ್ಲು ಸವಾರಿಯ ವಾಹನವಾಗಿದ್ದುದಕ್ಕಿಂತ ಹೆಚ್ಚಾಗಿ ಸಮತೋಲ ತಪ್ಪದ ಕೈಗಾಡಿ. ಏರಿನಲ್ಲಿ ದೂಡುವುದು, ಮಟ್ಟಸದಲ್ಲಿ ಹತ್ತುವುದು, ಇಳಿಜಾರಿನಲ್ಲಿ ಬ್ರೇಕು ಹಿಡಿದು ಇಳಿಸುವುದು. ತಲೆಯ ಮೇಲೆ ಹೊರುವುದಕ್ಕಿಂತ ಎರಡು ಮೂರು ಪಟ್ಟು ಹೊರೆಯನ್ನು ಒಬ್ಬನೇ ಸಾಗಿಸಬಹುದಾಗಿತ್ತು ಎಂಬುದರಲ್ಲಿ ಅದರ ಬೆಲೆಯಿತ್ತು.

ಶರಾವತಿಯ ವಿದ್ಯುತ್ ಯೋಜನೆ ಈ ಚರಿತ್ರೆಗೆ ಇನ್ನೊಂದು ತಿರುವು ಕೊಟ್ಟಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಊರುಗಳು ಮುಳುಗಿದವು, ನೆರೆಹೊರೆಯವಾಗಿದ್ದ ಊರುಗಳ ನಡುವೆ ನೀರು ನಿಂತಿತು, ಒಂದೆರಡು ಗಂಟೆಯ ದಾರಿ ದಿನದ ಸುತ್ತುದಾರಿಯಾಯಿತು. ಕಾರ್ಗಲ್ಲು, ಜೋಗಗಳ ನೌಕರರ ವಸತಿಗಳಲ್ಲಿ ಪಾಳಿಯ ಕೆಲಸಕ್ಕೆ ಹೋಗುವವರಿಗೆ ಸೈಕಲ್ಲು ಸಹಜ ವಾಹನವಾದರೆ, ಹಿನ್ನೀರಿನಾಚೆಯ ಕರೂರು ಸೀಮೆಯವರಿಗೆ ಅದು ಲಾಂಚಿನ ಮೇಲೆ ದಾಟಬೇಕಾದ ವಾಹನವಾಯಿತು. ಹೊಳೆಬಾಗಿಲು, ಹಸಿರುಮಕ್ಕಿ, ಮುಪ್ಪಾನೆ ಕಡವುಗಳಲ್ಲಿ ಲಾಂಚಿನ ಹೊತ್ತೇ ಕೆಲಸದ ಹೊತ್ತನ್ನು ನಿರ್ಧರಿಸಿತು. ಹಿನ್ನೀರಿನ ಎರಡು ದಡಗಳಲ್ಲಿರುವ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಣ ಸೇತುವೆ ತೆರೆದದ್ದು 2025ರ ಜುಲೈ 14ರಂದು, ಅಣೆಕಟ್ಟು ಮುಗಿದು ಅರವತ್ತೊಂದು ವರ್ಷಗಳಾದ ಮೇಲೆ. ನಾಡಿಗೆ ಬೆಳಕು ಕೊಟ್ಟವರು ಇಷ್ಟು ಕಾಲ ದಡದಲ್ಲಿ ಕಾದರು ಎಂಬುದನ್ನು ಸಾರಿಗೆಯ ಚರಿತ್ರೆ ಬರೆಯುವ ಯಾರೂ ಮರೆಯಬಾರದು.

ಸೈಕಲ್ಲು ಬಾಳಿಕೆ ಬಂದದ್ದು ಅಂಗಡಿಗಳಿಂದ. ಹೊಸ ಸೈಕಲ್ಲು ಕಾರ್ಖಾನೆಯಿಂದ ಬಿಡಿ ಭಾಗಗಳಾಗಿ ಬರುತ್ತಿದ್ದು, ಪೇಟೆಯ ಅಂಗಡಿಯವನೇ ಅದನ್ನು ಜೋಡಿಸಿ, ಗಾಲಿಯ ಓರೆಕೋರೆ ತಿದ್ದಿ, ಹಬ್ಬಿಗೆ ಗ್ರೀಸು ತುಂಬಿ ಕೊಡುತ್ತಿದ್ದನು; ಆದ್ದರಿಂದ ಯಾವ ಕಂಪನಿಯದನ್ನು ಕೊಳ್ಳಬೇಕು ಎಂಬ ಪ್ರಶ್ನೆಯಷ್ಟೇ ಯಾವ ಅಂಗಡಿಯಲ್ಲಿ ಕೊಳ್ಳಬೇಕು ಎಂಬುದೂ ಮುಖ್ಯವಾಗಿತ್ತು. ಆ ಅಂಗಡಿಗಳೇ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ಕೊಡುತ್ತಿದ್ದವು, ಮತ್ತು ಊರಿನ ಹುಡುಗರು ಸವಾರಿ ಕಲಿತದ್ದು ಅವುಗಳ ಮೇಲೆ: ಬಾರಿನ ಮೇಲೆ ಕಾಲು ಹಾಕಲು ಎಟುಕದ ವಯಸ್ಸಿನಲ್ಲಿ ಅದರ ಕೆಳಗಿನಿಂದ ಕಾಲು ತೂರಿಸಿ ತುಳಿಯುವ ಒಳಪೆಡಲು, ನಂತರ ಬಾರಿನ ಮೇಲೆ, ಕೊನೆಗೆ ಸೀಟಿನ ಮೇಲೆ. ಮಳೆಗಾಲ ಮುಗಿದ ಮೇಲೆ ಹಬ್ಬು, ಪೆಡಲು, ಹ್ಯಾಂಡಲುಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸವೆದ ಗುಂಡುಗಳನ್ನು ಬದಲಿಸಿ ಮತ್ತೆ ಕೂರಿಸುವ ಪೂರ್ಣ ದುರಸ್ತಿ ಈ ಸೀಮೆಯಲ್ಲಿ ಐಚ್ಛಿಕವಲ್ಲ, ವಾರ್ಷಿಕ ಅಗತ್ಯ. ಭಾಗಗಳ ಅಳತೆ ಎಲ್ಲ ಕಂಪನಿಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದುದರಿಂದ ರಿಪ್ಪನ್‌ಪೇಟೆಯಲ್ಲಾಗಲಿ, ಕೋಣಂದೂರಿನಲ್ಲಾಗಲಿ, ತಾಳಗುಪ್ಪದಲ್ಲಾಗಲಿ ಸೈಕಲ್ಲು ಕೆಟ್ಟರೆ ಅಲ್ಲಿಯೇ ಸರಿಯಾಗುತ್ತಿತ್ತು. ಆ ಹಳೆಯ ವಿನ್ಯಾಸದ ದೋಷಗಳನ್ನು ಮೇಲೆ ಎತ್ತಿ ಹೇಳಿದ್ದಾಗಿದೆ. ಅದರ ಈ ಒಂದು ಗುಣಕ್ಕೆ ಸಾಟಿಯಿಲ್ಲ ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು. ಪುರಸಭೆಗಳು ಸೈಕಲ್ಲಿನ ಮೇಲೆ ವರ್ಷಕ್ಕೊಮ್ಮೆ ತೆರಿಗೆ ಪಡೆದು ಲೋಹದ ಸಣ್ಣ ಬಿಲ್ಲೆ ಕೊಡುತ್ತಿದ್ದುದು, ರಾತ್ರಿ ದೀಪವಿಲ್ಲದೆ ಹೋದವರನ್ನೂ ಇಬ್ಬರನ್ನು ಕೂರಿಸಿಕೊಂಡು ಹೋದವರನ್ನೂ ಪೋಲೀಸರು ಹಿಡಿಯುತ್ತಿದ್ದುದು ಇದೇ ಕಾಲದ ಸಂಗತಿಗಳು.

ಸೈಕಲ್ಲಿನ ಹಿಂಜರಿತ ಮೋಪೆಡ್ಡಿನಿಂದ ಆರಂಭವಾಯಿತು. 1972ರಲ್ಲಿ ಪುಣೆಯ ಕೈನೆಟಿಕ್ ಕಂಪನಿಯ ಲೂನಾ, 1980ರಲ್ಲಿ ಹೊಸೂರಿನ ಟಿ.ವಿ.ಎಸ್. 50 ಮಾರುಕಟ್ಟೆಗೆ ಬಂದಾಗ, ಉಬ್ಬಿನಲ್ಲಿ ಇಳಿಯಬೇಕಾಗಿಲ್ಲದ ಅಗ್ಗದ ವಾಹನವೊಂದು ಮಲೆನಾಡಿಗೆ ಮೊದಲ ಬಾರಿಗೆ ದೊರೆಯಿತು. ಹೊರೆಯ ವ್ಯಾಪಾರಿಗಳು ಅದಕ್ಕೆ ಬೇಗ ಹೊರಳಿದರು. ಖಾಸಗಿ ಬಸ್ಸುಗಳು ಹೆಚ್ಚಿದವು, ಆಮೇಲೆ ಬೈಕುಗಳು ಬಂದವು.

ಹೀಗೆ ಗಂಡಸರು ಬಿಟ್ಟ ಸೈಕಲ್ಲು ಹೆಣ್ಣುಮಕ್ಕಳ ಕೈಗೆ ಬಂದದ್ದು ಗಮನಾರ್ಹ. ಬಾರಿಲ್ಲದ ಹೆಂಗಸರ ಸೈಕಲ್ಲು ಮೊದಲಿನಿಂದ ಇದ್ದರೂ ಈ ತಾಲ್ಲೂಕುಗಳ ಹಳ್ಳಿದಾರಿಯಲ್ಲಿ ಅದನ್ನು ತುಳಿಯುವ ಹೆಣ್ಣುಮಗಳು ಅಪರೂಪವಾಗಿದ್ದಳು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರವನ್ನು ಪ್ರತಿನಿಧಿಸುತ್ತಿದ್ದ ಬಿ.ಎಸ್. ಯಡಿಯೂರಪ್ಪನವರು ಹಣಕಾಸು ಸಚಿವರಾಗಿದ್ದಾಗ 2006-07ರಲ್ಲಿ ಆರಂಭವಾದ, ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆ ಇದನ್ನು ಬದಲಿಸಿತು. ಒಬ್ಬಳು ತುಳಿದರೆ ಮಾತು ಬರುವ ದಾರಿಯಲ್ಲಿ ಹತ್ತು ಹುಡುಗಿಯರು ಒಟ್ಟಿಗೆ ತುಳಿದರೆ ಮಾತು ನಿಲ್ಲುತ್ತದೆ. ಆ ಯೋಜನೆಯ ದೊಡ್ಡ ಫಲ ಇದೇ. ಆದರೆ ಇಲ್ಲಿಯೂ ಹಳೆಯ ತಪ್ಪು ಮರುಕಳಿಸಿತು: ಬಯಲುಸೀಮೆಗೂ ಮಲೆನಾಡಿಗೂ ಒಂದೇ ಬಗೆಯ, ಒಂದೇ ವೇಗದ ಸೈಕಲ್ಲು. ರಾಯಚೂರಿನ ಬಯಲಿನಲ್ಲಿ ಸರಾಗವಾಗಿ ಓಡುವ ಸೈಕಲ್ಲನ್ನು ಹೊಸನಗರದ ವಿದ್ಯಾರ್ಥಿನಿ ಅರ್ಧ ದಾರಿ ದೂಡಬೇಕಾಯಿತು. ಕೊರೋನಾ ಕಾಲದಲ್ಲಿ ಯೋಜನೆಯೇ ನಿಂತಿತು. 2023ರ ಜೂನ್‌ನಲ್ಲಿ ಬಂದ, ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಸರ್ಕಾರಿ ಬಸ್ಸುಗಳಿಗೆ ಸೀಮಿತವಾಗಿದ್ದು, ಖಾಸಗಿ ಬಸ್ಸುಗಳನ್ನೇ ನಂಬಿಕೊಂಡ ಒಳದಾರಿಗಳಿಗೆ ಅದು ಅಷ್ಟಾಗಿ ತಲಪುವುದಿಲ್ಲವಾದ್ದರಿಂದ, ಅಲ್ಲಿಯ ಹುಡುಗಿಯರಿಗೂ ಕೆಲಸಕ್ಕೆ ಹೋಗುವ ಹೆಂಗಸರಿಗೂ ಸ್ವಂತ ವಾಹನದ ಅಗತ್ಯ ಹಾಗೆಯೇ ಉಳಿದಿದೆ.

ನೂರು ವರ್ಷ ದೊರೆಯದೆ ಹೋದ ಸೈಕಲ್ಲು ಈಗ ದೊರೆಯುತ್ತಿದೆ. ಹಿಂದೆ ಮುಂದೆ ಹಲವು ಹಲ್ಲುಚಕ್ರಗಳಿರುವ ಗೇರಿನ ಸೈಕಲ್ಲಿನಲ್ಲಿ ಮುಂದಿನ ಮತ್ತು ಹಿಂದಿನ ಹಲ್ಲುಗಳನ್ನು ಸಮವಾಗಿಸಿಕೊಂಡರೆ, ಹನ್ನೆರಡಕ್ಕೊಂದರ ಅದೇ ಉಬ್ಬಿನಲ್ಲಿ 40 ಕಿಲೋಗ್ರಾಂ ಒತ್ತಡ ಸುಮಾರು 15ಕ್ಕೆ ಇಳಿಯುತ್ತದೆ. ವೇಗ ನಡಿಗೆಗಿಂತ ತುಸು ಹೆಚ್ಚಷ್ಟೆ, ಆದರೆ ಇಳಿಯಬೇಕಾಗಿಲ್ಲ. ಗಾಲಿಯ ಬಳೆಯನ್ನು ಬಿಟ್ಟು ನಡುವಣ ಲೋಹದ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕು ಒದ್ದೆಯಲ್ಲೂ ನಂಬಿಕೆಗೆ ಅರ್ಹ. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ ಮೋಟಾರಿದ್ದು ಗಂಟೆಗೆ 25 ಕಿಲೋಮೀಟರ್ ಮೀರದ ವಿದ್ಯುತ್ ಸೈಕಲ್ಲಿಗೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ಸೈಕಲ್ಲಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರಿನಲ್ಲಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಆದರೆ ಈ ಹೊಸ ಸೈಕಲ್ಲುಗಳು ಬಹುತೇಕ ಕ್ಯಾರಿಯರು, ಮಡ್‌ಗಾರ್ಡು, ಚೈನ್ ಕವರು, ದೀಪಗಳಿಲ್ಲದೆ, ವ್ಯಾಯಾಮದ ಸಾಧನಗಳಾಗಿ ಮಾರಾಟವಾಗುತ್ತವೆ. ಅವುಗಳ ತೆರೆದ ಸರಪಳಿ ಆಷಾಢದ ಕೆಸರಿನಲ್ಲಿ ಬೇಗ ಸವೆಯುತ್ತದೆ, ಬಿಡಿಭಾಗಗಳು ಹಳ್ಳಿಪೇಟೆಯ ಅಂಗಡಿಗೆ ಇನ್ನೂ ಬಂದಿಲ್ಲ.

ಆದುದರಿಂದ ಈ ಮೂರು ತಾಲ್ಲೂಕುಗಳಲ್ಲಿ ಇಂದು ಕೆಲಸಕ್ಕಾಗಿ ಸೈಕಲ್ಲು ಕೊಳ್ಳುವವರು ಅಂಗಡಿಯಲ್ಲಿ ಬಣ್ಣ, ಹೆಸರು, ರಿಯಾಯಿತಿಗಳನ್ನು ಕೇಳುವ ಮೊದಲು ಅತ್ಯಂತ ಕೆಳಗಿನ ಗೇರಿನಲ್ಲಿ ಮುಂದೆಷ್ಟು ಹಲ್ಲು, ಹಿಂದೆಷ್ಟು ಹಲ್ಲು ಎಂದು ಎಣಿಸಬೇಕು, ಬ್ರೇಕನ್ನು ನೀರು ಹಾಕಿ ಹಿಡಿದು ನೋಡಬೇಕು, ಮಡ್‌ಗಾರ್ಡನ್ನೂ ಕ್ಯಾರಿಯರನ್ನೂ ಅಲ್ಲಿಯೇ ಹಾಕಿಸಿಕೊಳ್ಳಬೇಕು, ಮತ್ತು ತಮ್ಮ ಊರಿಗೆ ಹತ್ತಿರದ ದುರಸ್ತಿಗಾರನನ್ನು ಕೇಳಿಯೇ ಹಣ ಕೊಡಬೇಕು. ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಸರ್ಕಾರ ಮತ್ತೆ ಕೈಗೆತ್ತಿಕೊಂಡರೆ, ಘಟ್ಟದ ತಾಲ್ಲೂಕುಗಳಿಗೆ ಗೇರಿನ ಸೈಕಲ್ಲನ್ನೇ ಕೊಡಬೇಕು.